ಧ್ವನಿ ಎಂದಿನಂತಿಲ್ಲ

ಒಸಾಕಾದಿಂದ ಒಕಾಯಾಮಕ್ಕೆ ನಲವತ್ತೈದು ನಿಮಿಷ. ಅಷ್ಟರೊಳಗೆ ಏನಾದರೂ ಕೆಡಲಿ ಎಂದು ಇಸೊಬೆ ಒಳಗೊಳಗೇ ಹಾರೈಸುತ್ತಿದ್ದ. ದೊಡ್ಡದೇನೂ ಬೇಡ, ಯಾರ ಕೂದಲೂ ಕೊಂಕುವುದು ಬೇಡ. ದಾರಿಯಲ್ಲೆಲ್ಲೋ ಒಂದು ಮಳೆಮಾಪಕ ಗೆರೆ ದಾಟಿದರೆ ಸಾಕು, ಯಾರದೋ ಗದ್ದೆಯ ಪ್ಲಾಸ್ಟಿಕ್ ಹಾಳೆ ಹಾರಿ ಬಂದು ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಸಾಕು. ಆಗ ಪಕ್ಕದ ರೇಡಿಯೋ ಒಂದು ಸಲ ಗುಂಯ್ ಎನ್ನುತ್ತದೆ, ಟೋಕಿಯೋದ ನಿಯಂತ್ರಣ ಕೋಣೆಯಿಂದ ಚಿಜುರುವಿನ ಧ್ವನಿ ಬರುತ್ತದೆ. ಬೆನ್ನ ಹಿಂದೆ ಹದಿನಾರು ಬೋಗಿ, ಸಾವಿರದ ಮೇಲೆ ಜನ. ಅವರೆಲ್ಲರ ಮುಂದೆ ಒಬ್ಬನೇ ಕುಳಿತ ಚಾಲಕ ಬಯಸಬೇಕಾದ್ದೇ ಇದು? ಇಪ್ಪತ್ತಾರು ವರ್ಷ ಏನೂ ಕೆಡದಿರಲಿ ಎಂದೇ ಈ ಕುರ್ಚಿಯಲ್ಲಿ ಕುಳಿತವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬಿಳಿ ಕೈಗವಸಿನ ಬೆರಳನ್ನು ಮುಂದೆ ಚಾಚಿ, ಪರದೆಯ ಮೇಲೆ ಗಣಕ ತೋರಿಸುತ್ತಿದ್ದ ಅಂಕಿಗೆ ಗುರಿಯಿಟ್ಟು, “ನೂರ ಎಪ್ಪತ್ತು, ಸರಿ” ಎಂದು ಗಟ್ಟಿಯಾಗಿ ಹೇಳಿದ. ಕೇಳುವವರಿಲ್ಲದ ಕೋಣೆಯಲ್ಲಿ ಹೀಗೆ ಬೆರಳು ತೋರಿಸಿ ಕೂಗಿಕೊಳ್ಳುವುದು ಈ ಕಸುಬಿನ ರೀತಿ. ಹೊರಗಿನವರು ನೋಡಿದರೆ ತಲೆ ಸರಿಯಿಲ್ಲ ಅಂದಾರು.

ಎಲ್ಲ ಆ ನುಮಾತಾನಿಂದ. ಬೆಳಿಗ್ಗೆ ಹಾಜರಿ ಕೋಣೆಯಲ್ಲಿ ಕುಡಿದಿಲ್ಲವೆಂದು ತೋರಿಸಲು ಯಂತ್ರಕ್ಕೆ ಉಸಿರು ಊದಿ, ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿಕೊಂಡು ಇಸೊಬೆ ಹೊರಡುತ್ತಿದ್ದಾಗ ನುಮಾತಾ ಅಡ್ಡ ಬಂದ. ಒಂದೇ ವರ್ಷ ಕೆಲಸಕ್ಕೆ ಸೇರಿದವರು ಇಬ್ಬರೂ. ನುಮಾತಾ ಹೊಟ್ಟೆ ಬೆಳೆಸಿದ, ಇಸೊಬೆ ಅದನ್ನೂ ಬೆಳೆಸಲಿಲ್ಲ. ನುಮಾತಾನ ಬಾಯಲ್ಲಿ ಇನ್ನೂ ಉಪ್ಪಿನ ಪ್ಲಮ್ ಇಟ್ಟ ಅನ್ನದುಂಡೆಯ ತುತ್ತಿತ್ತು.

“ಏನಯ್ಯಾ ಇಸೊಬೆ, ಗೊತ್ತಾಯ್ತಾ? ಹನ್ಯೂ ಚಿಜುರು ಅವರಿಗೆ ಇವತ್ತೇ ಕೊನೆ ದಿನವಂತೆ. ಕೆಲಸ ಬಿಟ್ಟು ಇಶಿಗಾಕಿಗೆ ಹೋಗ್ತಾರಂತೆ, ಅಕ್ಕ ನಡೆಸೋ ವಸತಿಗೃಹಕ್ಕೆ.”

“ಇಶಿಗಾಕಿಗೆ,” ಎಂದ ಇಸೊಬೆ.

“ರೈಲೇ ಇಲ್ಲದ ದ್ವೀಪ ಕಣಯ್ಯ. ಹುಡುಕಿ ಹುಡುಕಿ ಅಲ್ಲಿಗೇ ಹೋಗ್ತಿದಾರೆ ಅಂದ್ರೆ ನಮ್ಮ ಮೇಲೆಲ್ಲ ಎಷ್ಟು ಬೇಜಾರಿರಬೇಕು ನೋಡು.”

“ರೈಲಿಲ್ಲದ ದ್ವೀಪ.”

“ಅಯ್ಯೋ ಮಾರಾಯ, ನಾನೇನು ನಿಯಂತ್ರಣ ಕೋಣೆನಾ? ಹೇಳಿದ್ದನ್ನೇ ವಾಪಸು ಹೇಳ್ತೀಯಲ್ಲ!” ನುಮಾತಾ ನಕ್ಕು, ಆಮೇಲೆ ನಕ್ಕದ್ದು ತಪ್ಪಾಯಿತೆಂದುಕೊಂಡು ದನಿ ತಗ್ಗಿಸಿದ. “ಇವತ್ತು ಹಗಲು ಪಾಳಿಯಂತೆ. ಒಕಾಯಾಮದ ತನಕ ಅವರದೇ ಮೇಜು. ಅದೃಷ್ಟ ಇದ್ರೆ ಒಂದು ಮಾತು ಸಿಗತ್ತೆ ನಿನಗೆ.”

ಮಾರ್ಚ್ ಮೂವತ್ತೊಂದು, ವರ್ಗವಾಗುವವರು, ಬಿಡುವವರು ಎಲ್ಲರೂ ಮೇಜು ಖಾಲಿ ಮಾಡುವ ದಿನ. ಅದೃಷ್ಟ ಎಂದರೆ ಏನೆಂದು ನುಮಾತಾನಿಗೂ ಗೊತ್ತು. ಎಲ್ಲ ನೆಟ್ಟಗಿದ್ದರೆ ನಿಯಂತ್ರಣ ಕೋಣೆ ಚಾಲಕನೊಡನೆ ಮಾತಾಡುವುದೇ ಇಲ್ಲ. ವೇಗದ ಮಿತಿಯನ್ನು ಹಳಿ ಗಣಕಕ್ಕೆ ಹೇಳುತ್ತದೆ, ಗಣಕ ಬ್ರೇಕಿಗೆ ಹೇಳುತ್ತದೆ, ಮನುಷ್ಯರು ಸುಮ್ಮನಿರುತ್ತಾರೆ. ಚಿಜುರು ಟೋಕಿಯೋಗೆ ಹೋಗಿ ಆರು ವರ್ಷ. ಅವಳು ಅವನ ಗಾಡಿಯನ್ನು ಕರೆದದ್ದು ನಾಲ್ಕೇ ಸಲ. ಒಮ್ಮೆ ಹಕ್ಕಿ ಗಾಜಿಗೆ ಬಡಿದಾಗ, ಎರಡು ಸಲ ಮಳೆಗೆ, ಒಮ್ಮೆ ಹಿಮೆಜಿಯಲ್ಲಿ ತಾಯಿಯನ್ನು ಬಿಟ್ಟು ಹತ್ತಿಬಿಟ್ಟ ಅಜ್ಜನೊಬ್ಬನ ವಿಚಾರಕ್ಕೆ. ಅಜ್ಜನಿಗೆ ಎಪ್ಪತ್ತೆಂಟು, ತಾಯಿಗೆ ನೂರೊಂದು. ಆ ಅಜ್ಜನ ಕೋಟಿನ ಬಣ್ಣ ಬೂದಿ ಎಂದು ಚಿಜುರು ಹೇಳಿದ್ದಳು, ಬೂದಿ ಎಂದು ಇಸೊಬೆ ವಾಪಸು ಹೇಳಿದ್ದ, ಸರಿ ಎಂದು ಅವಳು ಹೇಳಿದ್ದಳು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಗಂಡ ಹೆಂಡತಿಯಾಗಿದ್ದ ಹನ್ನೊಂದು ವರ್ಷದಲ್ಲಿ ಅವರ ನಡುವೆ ಅಷ್ಟು ಸಲೀಸಾದ ಮಾತುಕತೆ ಎಷ್ಟು ಸಲ ಆಗಿತ್ತೆಂದು ಬೆರಳು ಮಡಿಸುತ್ತ ಮಲಗಿದ್ದ.

ಹೇಳಿದ್ದನ್ನು ಹೇಳಿದ ಹಾಗೆ ವಾಪಸು ಹೇಳಬೇಕು, ಕೊನೆಗೆ ಅರ್ಥವಾಯಿತು ಎನ್ನಬೇಕು. ತರಬೇತಿ ಶಾಲೆಯಲ್ಲಿ ಮೊದಲ ವಾರ ಕಲಿಸಿದ್ದು ಇದನ್ನೇ. ಒಂದು ಅಂಕಿ ಕೈತಪ್ಪಿದರೆ ಜನ ಸಾಯುತ್ತಾರೆ ಎಂದು ಮೇಷ್ಟರು ಹೇಳಿದ್ದು ಇಸೊಬೆಯ ಮೂಳೆಯಲ್ಲೇ ಕೂತುಬಿಟ್ಟಿತು. ಬೇರೆಯವರು ಸಂಜೆ ಟೋಪಿ ತೆಗೆದಿಡುವಾಗ ಅದನ್ನೂ ತೆಗೆದಿಟ್ಟು ಮನೆಗೆ ಹೋಗುತ್ತಿದ್ದರು. ಅವನಿಗೆ ಅದು ಬರಲಿಲ್ಲ. ಫೆಬ್ರವರಿಯ ಒಂದು ಸಂಜೆ ಚಿಜುರು ಆಸ್ಪತ್ರೆಯಿಂದ ಒಬ್ಬಳೇ ಬಂದು, ಬಾಗಿಲ ಬಳಿ ಬೂಟು ಬಿಚ್ಚುತ್ತ, ತಲೆ ಎತ್ತದೆ, ಮಗು ಉಳೀಲಿಲ್ಲ ಎಂದಳು. ಅವನು ಒಲೆಯ ಮುಂದಿದ್ದ. ಮಣ್ಣಿನ ಪಾತ್ರೆಯಲ್ಲಿ ಎಲೆಕೋಸು ಕುದಿಯುತ್ತಿತ್ತು, ಕೈಯಲ್ಲಿ ಉದ್ದನೆಯ ಅಡುಗೆ ಕಡ್ಡಿಗಳಿದ್ದವು. “ಮಗು ಉಳೀಲಿಲ್ಲ. ಅರ್ಥವಾಯಿತು,” ಎಂದ. ಹಾಗೆಂದದ್ದು ತಾನೇ ಎಂದು ತಿಳಿಯುವಷ್ಟರಲ್ಲಿ ಅವಳು ಸ್ನಾನದ ಮನೆಯ ಬಾಗಿಲು ಹಾಕಿಕೊಂಡಿದ್ದಳು. ಅವನ ಎದೆ ಒಡೆದಿತ್ತು, ನಿಜವಾಗಿಯೂ ಒಡೆದಿತ್ತು. ಆದರೆ ಅದಕ್ಕೆ ಸಾಕ್ಷಿ ಯಾರು? ವಾಪಸು ಹೇಳುವುದೆಂದರೆ ಅವನ ಮಟ್ಟಿಗೆ, ಕೊಟ್ಟದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು, ಬೀಳಗೊಡದಿರುವುದು. ಅದನ್ನು ಅವಳಿಗೆ ವಿವರಿಸಬೇಕೆಂದು ಎಷ್ಟೋ ದಿನ ಯೋಚಿಸಿದ. ವಿವರಿಸಲು ಹೋದರೆ ಆ ಸಂಜೆಯನ್ನು ಮತ್ತೆ ಎತ್ತಬೇಕಿತ್ತು, ಎತ್ತಲಿಲ್ಲ. ಎರಡು ವರ್ಷ ಕಳೆದ ಮೇಲೆ ಅದೇ ಅಡುಗೆಮನೆಯಲ್ಲಿ, ಟೋಕಿಯೋದಲ್ಲಿ ಕೆಲಸ ಸಿಕ್ಕಿದೆ, ನಾನು ಹೋಗ್ತೀನಿ ಎಂದಳು. ನೀನು ಹೋಗ್ತೀಯ ಎಂದ. ಅವಳು ಫ್ರಿಜ್ಜಿನ ಬಾಗಿಲ ಮೇಲೆ ಕೈಯಿಟ್ಟು ಕಾದಳು. “ಅಷ್ಟೇನಾ?” ಎಂದಳು. “ಅಷ್ಟೇ,” ಎಂದ. ಅಂಥ ದಡ್ಡನನ್ನು ಯಾವ ಗಣಕ ತಾನೇ ತಡೆದೀತು.

ಶಿನ್-ಕೋಬೆಯಲ್ಲಿ ಗಾಡಿ ಒಂದು ನಿಮಿಷ ನಿಂತು ಹೊರಟಿತು. ಎರಡು ಗುಡ್ಡಗಳ ನಡುವೆ ತೂರಿಸಿದಂಥ ನಿಲ್ದಾಣ. ಅದರ ಆ ಕಡೆಯೂ ಸುರಂಗ, ಈ ಕಡೆಯೂ ಸುರಂಗ. ಸುರಂಗದಲ್ಲಿ ಹಳಿಯುದ್ದಕ್ಕೂ ಕಪ್ಪು ಕೇಬಲ್ಲೊಂದು ಗೋಡೆ ಹಿಡಿದು ಓಡುತ್ತದೆ, ಮೈಯಲ್ಲೆಲ್ಲ ಸಣ್ಣ ಸೀಳುಗಳಿರುವ ಕೇಬಲ್ಲು. ಮಾತು ಅದರೊಳಗೆ ಹರಿದುಬಂದು ಆ ಸೀಳುಗಳಿಂದ ಸೋರಿ ಓಡುವ ಗಾಡಿಗೆ ಕೇಳಿಸುತ್ತದೆ. ನೆಲದಡಿಯಲ್ಲಿದ್ದರೂ, ಮುನ್ನೂರು ಕಿಲೋಮೀಟರ್ ವೇಗದಲ್ಲಿದ್ದರೂ ಅವಳ ಮಾತು ತನ್ನ ತೋಳಿನಿಂದ ಎರಡು ಮಾರು ದೂರದಲ್ಲೇ ಓಡಿಬರುತ್ತಿದೆ, ಯಾರೂ ಬಾಯಿ ಬಿಡುತ್ತಿಲ್ಲ ಅಷ್ಟೆ, ಎಂದುಕೊಂಡ. ಮೂವತ್ತೊಂದು ನಿಮಿಷ ಉಳಿದಿತ್ತು. ಒಕಾಯಾಮ ದಾಟಿದರೆ ಬೇರೆ ಮೇಜು, ಬೇರೆ ಧ್ವನಿ. ಐದಕ್ಕೆ ಅವಳ ಪಾಳಿ ಮುಗಿಯುತ್ತದೆ, ಆಗ ಯಾರೋ ಹೂಗುಚ್ಛ ಕೊಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅವಳು ಬಾಗಿ ವಂದಿಸುತ್ತಾಳೆ.

ರೇಡಿಯೋವನ್ನು ತಾನೇ ಎತ್ತಿಕೊಂಡರೆ? ಗಾಡಿಯ ಅಡಿಯಲ್ಲಿ ಎಂದಿನದಲ್ಲದ ಸದ್ದು ಕೇಳಿಸಿತು ಎಂದರೆ ಆಯಿತು. ಸುಳ್ಳೆಂದು ಯಾರೂ ಹೇಳಲಾರರು, ಸದ್ದು ಕೇಳಿಸಿಕೊಂಡ ಕಿವಿಯನ್ನು ಯಾರು ಬಿಚ್ಚಿ ನೋಡುತ್ತಾರೆ? ಆದರೆ ಹಾಗೆಂದ ಮರುಗಳಿಗೆ ಗಾಡಿ ನಿಲ್ಲಿಸಬೇಕು, ಹಿಂದೆ ಬರುವ ಆರು ಗಾಡಿ ನಿಲ್ಲಬೇಕು, ಯಾರೋ ಮದುವೆಗೆ ಹೋಗುವವರು, ಯಾರೋ ಸಾಯುತ್ತಿರುವವರನ್ನು ನೋಡಹೋಗುವವರು ಕಿಟಕಿಗೆ ಮುಖವಿಟ್ಟು ಗೋಡೆ ನೋಡುತ್ತ ಕೂರಬೇಕು. ಅವಳ ಕೊನೆಯ ದಿನವೂ ಕೆಟ್ಟುಹೋಗುತ್ತದೆ. ಅವನ ಕೈ ರೇಡಿಯೋದ ಹಿಡಿಯವರೆಗೆ ಹೋಗಿತ್ತು, ಕೈಗವಸಿನ ತುದಿ ಅದಕ್ಕೆ ತಾಗಿತ್ತು ಕೂಡ. ಐವತ್ತೊಂದು ವರ್ಷದ ಮನುಷ್ಯ, ಹೆಂಡತಿಯಾಗಿದ್ದವಳೊಡನೆ ಮಾತಾಡುವುದಕ್ಕೆ ಇಡೀ ದಾರಿಯನ್ನು ಕೆಡಿಸುವ ಯೋಚನೆ ಮಾಡುತ್ತಿದ್ದ. ಮನೆಯಲ್ಲಿದ್ದಾಗ ಬರೀ ಬಾಯಿ ತೆರೆದರೆ ಸಾಕಿತ್ತು. ಕೈ ಹಿಂದಕ್ಕೆ ತೆಗೆದ. “ಮುನ್ನೂರು, ಸರಿ,” ಎಂದು ಅಂಕಿಗೆ ಬೆರಳು ತೋರಿಸಿದ. ಸುರಂಗ ಮುಗಿದು ಬೆಳಕು ಕಣ್ಣಿಗೆ ಹೊಡೆಯಿತು.

ಹಿಮೆಜಿ ದಾಟಿದಾಗ ಗಾಳಿ ಗಮನಕ್ಕೆ ಬಂತು. ಮನೆಗಳ ಮೇಲೆ ಒಣಹಾಕಿದ ಹಾಸಿಗೆಗಳು ಸರಳಿಗೆ ಬಡಿದುಕೊಳ್ಳುತ್ತಿದ್ದವು, ಶಾಲೆಯೊಂದರ ಮೈದಾನದಲ್ಲಿ ಧೂಳು ಎದ್ದು ನಿಂತಿತ್ತು. ಅವನಿಗೆ ಸಂತೋಷವಾಯಿತು, ಆ ಸಂತೋಷಕ್ಕೆ ನಾಚಿಕೆಯಾಯಿತು. ಹದಿಮೂರು ನಿಮಿಷ ಉಳಿದಿರುವಾಗ ರೇಡಿಯೋ ಗುಂಯ್ ಎಂದಿತು.

“ಇಪ್ಪತ್ತೇಳನೇ ಗಾಡಿಯ ಚಾಲಕರೇ, ನಿಯಂತ್ರಣ ಕೋಣೆಯಿಂದ. ಕೇಳಿಸ್ತಿದೆಯಾ?”

“ಇಪ್ಪತ್ತೇಳನೇ ಗಾಡಿಯ ಚಾಲಕ. ಕೇಳಿಸ್ತಿದೆ.”

“ಯೊಶಿಯಿ ಹೊಳೆ ಸೇತುವೆ ಮೇಲೆ ಗಾಳಿ ಜಾಸ್ತಿಯಾಗಿದೆ. ನೂರ ನಲವತ್ತನೇ ಕಿಲೋಮೀಟರಿನಿಂದ ನೂರ ನಲವತ್ತೆಂಟರ ತನಕ ವೇಗ ನೂರ ಇಪ್ಪತ್ತು. ವಾಪಸು ಹೇಳಿ.”

ಅವಳ ದನಿ ಸ್ವಲ್ಪ ಒಡೆದಿತ್ತು. ಶೀತವೋ, ಬೆಳಿಗ್ಗೆಯಿಂದ ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿ ಹೇಳಿ ಆದದ್ದೋ. ಅಂಕಿ ಹೇಳುವ ಮೊದಲು ಮೂಗಿನಲ್ಲಿ ಸಣ್ಣಗೆ ಉಸಿರೆಳೆದುಕೊಳ್ಳುವುದನ್ನು ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಗಡಿಯಾರದ ಕರೆಗಂಟೆ ನಿಲ್ಲಿಸಿ ಐದೂ ಕಾಲು ಅನ್ನುವಾಗ ಹೀಗೇ ಎಳೆದುಕೊಳ್ಳುತ್ತಿದ್ದಳು. ಇಸೊಬೆ ಆ ಉಸಿರನ್ನು ಕೇಳಿಸಿಕೊಂಡ, ಅದರ ಹಿಂದಿನ ಕೋಣೆಯ ಗದ್ದಲವನ್ನು ಕೇಳಿಸಿಕೊಂಡ, ಅಂಕಿಗಳನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. “ನೂರ ನಲವತ್ತರಿಂದ ನೂರ ನಲವತ್ತೆಂಟರ ತನಕ ವೇಗ ನೂರ ಎಪ್ಪತ್ತು,” ಎಂದ.

“ತಪ್ಪು. ನೂರ ಇಪ್ಪತ್ತು. ಮೊದಲಿಂದ ವಾಪಸು ಹೇಳಿ.”

ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಅಂಕಿ ತಪ್ಪಿರಲಿಲ್ಲ. ತಪ್ಪು ಎಂಬ ಮಾತು ಕಿವಿಗೆ ಬಿದ್ದೊಡನೆ ಮುಖ ಬಿಸಿಯಾಯಿತು, ಜೊತೆಗೇ ಇನ್ನೊಂದು ಹೊಳೆಯಿತು. ತಪ್ಪಿದರೆ ಅವಳು ಇನ್ನೊಂದಿಷ್ಟು ಮಾತಾಡುತ್ತಾಳೆ. ಪರದೆಯ ಮೇಲೆ ಆಗಲೇ ನೂರ ಇಪ್ಪತ್ತು ಬಂದು ಕೂತಿತ್ತು, ಗಾಡಿ ತನ್ನಷ್ಟಕ್ಕೆ ನಿಧಾನವಾಗತೊಡಗಿತ್ತು. ಗಣಕಕ್ಕೆ ಅವನು ಸರಿ ಹೇಳಿದರೂ ಒಂದೇ, ತಪ್ಪು ಹೇಳಿದರೂ ಒಂದೇ. ಯಾರಿಗೂ ಕೇಡಾಗದ ತಪ್ಪನ್ನು ಅವನು ಹುಡುಕಿ ತೆಗೆದ.

“ನೂರ ನಲವತ್ತರಿಂದ ನೂರ ಐವತ್ತೆಂಟರ ತನಕ, ವೇಗ ನೂರ ಇಪ್ಪತ್ತು.”

ಈ ಸಲ ಅವಳು ತಪ್ಪು ಎನ್ನಲಿಲ್ಲ.

“ನೂರ ನಲವತ್ತೆಂಟು,” ಎಂದಳು. ಆಮೇಲೆ, “ಚಾಲಕರೇ, ನಿಮಗೆ ಹುಷಾರಿದೆಯಾ?”

ಇದು ನಿಯಮದಲ್ಲೇ ಇರುವ ಪ್ರಶ್ನೆ. ಎರಡು ಸಲ ತಪ್ಪಿದವನನ್ನು ಕೇಳಲೇಬೇಕು. ಹನ್ನೊಂದು ವರ್ಷ ಅವಳೂ ಅದನ್ನು ಕೇಳಿರಲಿಲ್ಲ, ಅವನೂ ಅವಳನ್ನು ಕೇಳಿರಲಿಲ್ಲ; ಆ ಫೆಬ್ರವರಿಯ ಸಂಜೆ ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು ಕೇಳಬೇಕಾದ್ದು ಇದೊಂದೇ ಪ್ರಶ್ನೆಯಾಗಿತ್ತು. ಇಲ್ಲ, ಹುಷಾರಿಲ್ಲ, ಎಂಟು ವರ್ಷದಿಂದ ಹುಷಾರಿಲ್ಲ ಎಂದು ಹೇಳಲು ಬಾಯಿ ತೆರೆದ. “ವ್ಯತ್ಯಾಸ ಏನೂ ಇಲ್ಲ,” ಎಂದಿತು ಬಾಯಿ. ಹಾಳು ಅಭ್ಯಾಸ. ಮೂರನೆಯ ಸಲ ಎಲ್ಲವನ್ನೂ ಸರಿಯಾಗಿ ವಾಪಸು ಹೇಳಿದ. ಹೊಳೆಯ ಮೇಲೆ ಗಾಡಿ ನೂರ ಇಪ್ಪತ್ತರಲ್ಲಿ ಹೋಗುತ್ತಿದ್ದಾಗ, ಕೆಳಗೆ ನೀರು ಬೆಳ್ಳಗೆ ಸುಕ್ಕುಸುಕ್ಕಾಗಿ ಕಾಣುತ್ತಿದ್ದಾಗ, ಅವಳು ಮತ್ತೊಮ್ಮೆ ಕರೆದಳು.

“ಇಪ್ಪತ್ತೇಳನೇ ಗಾಡಿಯ ಚಾಲಕರೇ. ಒಕಾಯಾಮದಲ್ಲಿ ಬದಲಿ ಚಾಲಕರು ಹತ್ತುತ್ತಾರೆ. ನೀವು ಇಳಿದು ನಿಲ್ದಾಣದ ಕಚೇರಿಗೆ ಹೋಗಿ.”

“ಬದಲಿ ಚಾಲಕರು ಹತ್ತುತ್ತಾರೆ. ನಾನು ಇಳಿದು ಕಚೇರಿಗೆ ಹೋಗಬೇಕು. ಅರ್ಥವಾಯಿತು.”

ಒಕಾಯಾಮದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕುರಾಹಾಶಿ ಎಂಬ ಹೆಂಗಸು ಚೀಲ ಹಿಡಿದು ನಿಂತಿದ್ದಳು. ಮೂವತ್ತರ ಆಚೀಚೆ, ಬದಲಿ ಕೆಲಸಕ್ಕೆಂದೇ ಅಲ್ಲಿ ಕಾದಿರುವವಳು. “ಸುಧಾರಿಸ್ಕೊಳ್ಳಿ, ಇಸೊಬೆ ಅವರೇ. ಯಾರಿಗಾದ್ರೂ ಆಗತ್ತೆ,” ಎಂದು ಒಳಗೆ ಬಂದು, ಅವನು ಎದ್ದ ಕುರ್ಚಿಯನ್ನು ನಾಲ್ಕು ಬೆರಳು ಮುಂದಕ್ಕೆಳೆದುಕೊಂಡು ಕೂತಳು. ಅದು ಇನ್ನೂ ಅವನ ಬಿಸಿಯಲ್ಲಿತ್ತು. ಮುಂದಿನ ಬೋಗಿಯ ಕಿಟಕಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಮುದುಕಿಯೊಬ್ಬಳು ಚಾಲಕ ನಡುದಾರಿಯಲ್ಲಿ ಇಳಿದುಹೋಗುವುದನ್ನು ನೋಡಿ ಪಕ್ಕದವಳ ತೋಳು ತಿವಿದಳು. ಇಸೊಬೆ ಟೋಪಿ ಸರಿಮಾಡಿಕೊಂಡ. ಗಾಡಿ ಹೊರಡುವಾಗ ಕೈಕಟ್ಟಿ ನಿಂತು ನೋಡುವುದೋ, ಬಾಗಿ ವಂದಿಸುವುದೋ ತಿಳಿಯಲಿಲ್ಲ. ತಾನಿಲ್ಲದೆ ತನ್ನ ಗಾಡಿ ಹೋಗುವುದನ್ನು ಅವನು ಎಂದೂ ನೋಡಿರಲಿಲ್ಲ. ಅದು ಎಂದಿನಂತೆಯೇ ಹೋಯಿತು.

ನಿಲ್ದಾಣದ ಕಚೇರಿಯಲ್ಲಿ ಉಪಮುಖ್ಯಸ್ಥ ಫುರುಇಚಿ ಅವನನ್ನು ಕೂರಿಸಿ, ಬಾರ್ಲಿ ಚಹಾ ಕೊಟ್ಟು, ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದ. ಅವನು ಎಲ್ಲದಕ್ಕೂ ಕಾಗದ ಬೇಕೆನ್ನುವ ಮನುಷ್ಯ. ಮೂಲೆಯಲ್ಲಿ ಇಬ್ಬರು ಗುಮಾಸ್ತರು ಏನೂ ಕೇಳಿಸದವರಂತೆ ಬರೆಯುತ್ತ ಕೂತಿದ್ದರು. ಟೋಕಿಯೋದಿಂದ ಬಂದ ಹಾಳೆಯನ್ನು ಫುರುಇಚಿ ಕನ್ನಡಕ ಎತ್ತಿ ಓದಿದ, ಕನ್ನಡಕ ಇಳಿಸಿ ಮತ್ತೆ ಓದಿದ.

“ಇದೇನ್ರೀ ಇದು? ಚಾಲಕರನ್ನ ಇಳಿಸಿದ್ದಕ್ಕೆ ಕಾರಣ ಅನ್ನೋ ಕಡೆ, ಧ್ವನಿ ಎಂದಿನಂತಿಲ್ಲ ಅಂತ ಬರ್ದಿದಾರೆ. ಎರಡು ಸಲ ತಪ್ಪು ಹೇಳಿದ್ರು ಅಂತ ಬರೀಬೇಕು ತಾನೆ? ಅದು ಇಲ್ಲವೇ ಇಲ್ಲ.”

“ಧ್ವನಿ,” ಎಂದ ಇಸೊಬೆ.

“ಅಲ್ಲ, ದಿನಕ್ಕೆ ಮುನ್ನೂರು ಗಾಡಿ ಓಡ್ತವೆ. ನಿಮ್ಮ ಎಂದಿನ ಧ್ವನಿ ಹೇಗಿರತ್ತೆ ಅಂತ ಟೋಕಿಯೋದಲ್ಲಿ ಕೂತವರಿಗೆ ಹೇಗ್ರೀ ಗೊತ್ತಾಗತ್ತೆ? ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?”

“ಅವರಿಗೆ ಗೊತ್ತಾಗತ್ತೆ,” ಎಂದ ಇಸೊಬೆ. ಪಟ್ಟಿಯೊಳಗೆ ತೋಳು ಬಡಿದುಕೊಳ್ಳುತ್ತಿತ್ತು. ಆರು ವರ್ಷದಲ್ಲಿ ನಾಲ್ಕು ಸಲ, ಅದೂ ಅರ್ಧರ್ಧ ನಿಮಿಷ. ಅಷ್ಟರಲ್ಲೇ ಅವಳು ಅವನ ಎಂದಿನ ಧ್ವನಿಯನ್ನು ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿದ್ದಳು, ಇವತ್ತಿನದನ್ನು ಅದರ ಪಕ್ಕ ಇಟ್ಟು ನೋಡಿದ್ದಳು. ಅವನ ತಪ್ಪನ್ನು ಬರೆಯದೆ ಇದನ್ನು ಬರೆದಿದ್ದಳು. ಕೇಳಿಸಿಕೊಳ್ಳುವವನು ತಾನೊಬ್ಬನೇ ಎಂದು ಇಷ್ಟು ವರ್ಷ ತಿಳಿದಿದ್ದನಲ್ಲ, ಎಂಥ ಅಹಂಕಾರ ಅದು.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಫುರುಇಚಿ ಎತ್ತಿ, ಹೌದು ಹೌದು ಎಂದು, ರಿಸೀವರನ್ನು ಇಸೊಬೆಯ ಕಡೆ ಚಾಚಿದ. “ನಿಯಂತ್ರಣ ಕೋಣೆ. ನಿಮ್ಮ ಸ್ಥಿತಿ ಹೇಗಿದೆ ಅಂತ ಕೇಳ್ತಿದಾರೆ. ನೀವೇ ಹೇಳಿ. ಇದೂ ರೆಕಾರ್ಡ್ ಆಗತ್ತೆ, ನೋಡ್ಕೊಂಡು ಮಾತಾಡಿ.”

“ಇಪ್ಪತ್ತೇಳನೇ ಗಾಡಿಯಿಂದ ಇಳಿದ ಚಾಲಕರಾ? ಈಗಿನ ಸ್ಥಿತಿ ತಿಳಿಸಿ,” ಎಂದಳು ಚಿಜುರು.

“ರಕ್ತದೊತ್ತಡ ನೂರ ಐವತ್ತೆರಡು. ಜ್ವರ ಇಲ್ಲ.”

“ನೂರ ಐವತ್ತೆರಡು, ಜ್ವರ ಇಲ್ಲ. ಬೇರೆ ಏನಾದರೂ ಹೇಳೋದಿದೆಯಾ?”

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಬಂದು ನಿಂತಿತ್ತು. ಇಸೊಬೆ ಹಲ್ಲು ಕಚ್ಚಿದ. ಅದನ್ನು ನುಂಗುವುದಕ್ಕೆ ಎಷ್ಟು ಹೊತ್ತಾಯಿತೋ. ಫುರುಇಚಿಯ ಮುಖದಲ್ಲಿ ಗಾಬರಿ ಕಂಡಿತು. ಯಾರೂ ಅವನಿಗೆ ಹೇಳಿಕೊಡದಿದ್ದ, ಯಾವ ಪುಸ್ತಕದಲ್ಲೂ ಇಲ್ಲದ ಮಾತು ಅವನ ಬಾಯಿಂದ ಹೊರಬಂತು.

“ಹೋಗಬೇಡ,” ಎಂದ.

ಆ ಕಡೆ ದೂರದಲ್ಲಿ ಬೇರೆ ಬೇರೆ ಮೇಜುಗಳ ಮಾತು ಕೇಳಿಸುತ್ತಿತ್ತು, ಯಾರೋ ಯಾರಿಗೋ ಅಂಕಿ ಹೇಳುತ್ತಿದ್ದರು. ಅವಳು ಫೋನು ಇಟ್ಟುಬಿಡಬಹುದಾಗಿತ್ತು. ಮೂಗಿನಲ್ಲಿ ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು.

“ಕೇಳಿಸ್ತು,” ಎಂದಳು ಚಿಜುರು. “ಇನ್ನೊಂದ್ಸಲ ಹೇಳು.”

ಹೇಳಿದ. ಈ ಸಲ ದನಿ ದೊಡ್ಡದಾಗಿಯೇ ಬಂದಿರಬೇಕು, ಬರೆಯುತ್ತಿದ್ದ ಗುಮಾಸ್ತರಿಬ್ಬರೂ ತಲೆಯೆತ್ತಿ ನೋಡಿದರು.